ಕುಡಿದಾಗ ಕಾಣುವ ಅಣ್ಣನೇ ನಿಜವಾದ ಅಣ್ಣನೇ?

ಪ್ರಶ್ನೆ: ಮೂಡಿಗೆರೆಯ ತಂಗಿ

ನಮ್ಮಣ್ಣ ಮೂಡಿಗೆರೆ ಬಳಿಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾರೆ. ಅವರು ದನಿ ಎತ್ತರಿಸಿ ಮಾತನಾಡಿದ್ದನ್ನು ಊರಿನಲ್ಲಿ ಯಾರೂ ಕೇಳಿಲ್ಲ. ಮೊದಲು ಬಟವಾಡೆಯ ಸಂಜೆ ಮಾತ್ರ ಕುಡಿಯುತ್ತಿದ್ದವರು ಕಳೆದ ಕೊಯ್ಲಿನಿಂದೀಚೆಗೆ ದಿನವೂ ಒಂದು ಕ್ವಾರ್ಟರ್ ವಿಸ್ಕಿ ಕುಡಿಯುತ್ತಿದ್ದಾರೆ. ಮೊದಲ ಅರ್ಧ ಗಂಟೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ನಗಿಸುವ ಅದೇ ಮನುಷ್ಯ, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿ, ಹತ್ತು ವರ್ಷದ ಹಿಂದಿನ ಜಮೀನಿನ ಪಾಲಿನ ಮಾತೆತ್ತಿ ಅಮ್ಮನನ್ನು ಬಯ್ಯತೊಡಗುತ್ತಾರೆ. ಬೆಳಿಗ್ಗೆ ಯಾರ ಮುಖವನ್ನೂ ನೋಡದೆ ಕಾಫಿ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಜಗಲಿಯ ಮೂಲೆಯಲ್ಲಿ ಕುಳಿತಿರುತ್ತಾರೆ. ಕೈ ಸಣ್ಣಗೆ ನಡುಗುತ್ತಿರುತ್ತದೆ.

ಕುಡಿದಾಗ ಹೊರಬೀಳುವುದೇ ಮನುಷ್ಯನ ನಿಜ ಸ್ವಭಾವವೆಂದು ಜನ ಹೇಳುತ್ತಾರೆ. ಅದು ಹೌದೇ? ಅವರಿಗೆ ತಿಳಿಯದಂತೆ ಊಟದಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸಿ ಎಂದೂ ಒಬ್ಬರು ಸಲಹೆ ಕೊಟ್ಟಿದ್ದಾರೆ.

ಉತ್ತರ: ಹಾಸನದ ಶುಶ್ರೂಷಕಿ

ತಂಗಿ, ಮನೋರೋಗ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಆ ಮಾತು ಸರಿಯಲ್ಲ. ಮದ್ಯವು ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ, ಉದ್ರೇಕಿಸುವ ಗ್ಲುಟಮೇಟ್‌ನ ಪ್ರಭಾವವನ್ನು ತಗ್ಗಿಸುತ್ತದೆ. ಜೊತೆಗೆ ಡೋಪಮಿನ್ ಬಿಡುಗಡೆಯಾಗುವುದರಿಂದ ಆರಂಭದಲ್ಲಿ ಉಲ್ಲಾಸ ಮೂಡುತ್ತದೆ. ಆದರೆ ‘ಈ ಮಾತು ಈಗ ಬೇಡ’ ಎಂದು ನಾಲಿಗೆಯನ್ನು ತಡೆಯುವ ಮೆದುಳಿನ ಮುಂಭಾಗ ಅಷ್ಟರಲ್ಲಿ ಮಂಕಾಗಿರುತ್ತದೆ. ಗಮನವೂ ಕಿರಿದಾಗುತ್ತದೆ. ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಇದನ್ನು ಮದ್ಯ ತರುವ ಸಮೀಪದೃಷ್ಟಿಯೆಂದು ವಿವರಿಸಿದರು. ಮಗು ಎದುರಿಗಿದ್ದರೆ ಪ್ರೀತಿ ಉಕ್ಕುತ್ತದೆ, ಉಪ್ಪಿಲ್ಲದ ಸಾರು ಎದುರಿಗಿದ್ದರೆ ಸಿಟ್ಟು ಉಕ್ಕುತ್ತದೆ. ಅಮ್ಮನಿಗೆ ನೋವಾದೀತು, ನಾಳೆ ಅವರ ಮುಖ ನೋಡಬೇಕು ಎಂಬುದು ಕಣ್ಣಿಗೇ ಬೀಳುವುದಿಲ್ಲ. ಪಾಲಿನ ಕೊರಗು ಅಣ್ಣನೊಳಗೆ ನಿಜವಾಗಿಯೂ ಇರಬಹುದು. ಅದನ್ನು ಹತ್ತು ವರ್ಷ ನುಂಗಿಕೊಂಡು ಅಮ್ಮನನ್ನು ನೋಡಿಕೊಂಡ ತಾಳ್ಮೆಯೂ ಅಷ್ಟೇ ನಿಜ, ಅದೂ ಅವರದೇ ಸ್ವಭಾವ.

ಉತ್ತರ: ಬೇಲೂರಿನವನು

ನಾನು ಕುಡಿತ ಬಿಟ್ಟು ಆರು ವರ್ಷವಾಯಿತು. ಮನೆಯವರಿಗೆ ಅರ್ಥವಾಗದೆ ಉಳಿಯುವುದು ಬೆಳಗಿನ ಹೊತ್ತು. 42.8% ಮದ್ಯಸಾರವಿರುವ 180 ಮಿಲಿ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ. ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 8 ಗ್ರಾಂ. ಕಣ್ಣು ಬೇಗ ಮುಚ್ಚುತ್ತದೆ, ಆದರೆ ಅಮಲು ಇಳಿಯುತ್ತಿದ್ದಂತೆ, ಅದುವರೆಗೆ ಅದುಮಿಟ್ಟಿದ್ದ ಮೆದುಳು ಒಮ್ಮೆಲೇ ಅತಿಯಾಗಿ ಎಚ್ಚೆತ್ತು, ನಸುಕಿನಲ್ಲೇ ಎದೆ ಹೊಡೆದುಕೊಳ್ಳುತ್ತದೆ. ಯಾರಿಗೆ ಏನಂದೆನೋ ಎಂಬ ದಿಗಿಲು ಕಾಡುತ್ತದೆ. ನನ್ನ ಹೆಂಡತಿ ಹೇಳಿದ ಎಷ್ಟೋ ಸಂಗತಿಗಳು ನನಗೆ ನೆನಪೇ ಇರುತ್ತಿರಲಿಲ್ಲ. ನಾಟಕವೆಂದು ಅವಳು ತಿಳಿದಿದ್ದಳು. ಆ ಹೊತ್ತಿನ ನೆನಪು ಮೆದುಳಿನಲ್ಲಿ ದಾಖಲಾಗಿಯೇ ಇರಲಿಲ್ಲ. ಆ ದಿಗಿಲು ಅಡಗಲೆಂದೇ ಸಂಜೆ ಮತ್ತೆ ಕುಡಿಯುತ್ತಿದ್ದೆ.

ರಾತ್ರಿ ವಾದಕ್ಕೆ ನಿಲ್ಲಬೇಡಿ. ಅಮಲು ಪೂರ್ತಿ ಇಳಿದ ಮೇಲೆ, ಅವರೊಬ್ಬರೇ ಇದ್ದಾಗ, ನಡೆದದ್ದನ್ನಷ್ಟೇ ಹೇಳಿ. ‘ನಿನ್ನೆ ನಿನ್ನ ಮಗ ಮಂಚದ ಕೆಳಗೆ ಮಲಗಿದ್ದ’ ಎಂದು ನನ್ನ ಅಕ್ಕ ಹೇಳಿದ್ದರು. ಬೇರೆ ಏನೂ ಹೇಳಲಿಲ್ಲ. ಆ ವಾರವೇ ನಾನು ವೈದ್ಯರ ಬಳಿ ಹೋದೆ.

ಉತ್ತರ: ಹಾಸನದ ಶುಶ್ರೂಷಕಿ

ಎರಡು ಎಚ್ಚರಿಕೆಗಳನ್ನು ಬರೆಯಲು ಮರೆತಿದ್ದೆ. ಗುಟ್ಟಾಗಿ ಮಾತ್ರೆ ಬೆರೆಸುವ ಯೋಚನೆಯನ್ನು ದಯವಿಟ್ಟು ಬಿಡಿ. ಡೈಸಲ್ಫಿರಾಂನಂಥ ಮಾತ್ರೆ ತಿಂದವರು ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅದನ್ನು ರೋಗಿಯ ಒಪ್ಪಿಗೆಯಿಂದ ವೈದ್ಯರೇ ಕೊಡಬೇಕು. ಇನ್ನು ಆ ಕೈನಡುಕ. ದಿನವೂ ಕುಡಿಯುವವರಲ್ಲಿ ಅದು ದೇಹ ಮದ್ಯಕ್ಕೆ ಒಗ್ಗಿಹೋಗಿರುವುದರ ಗುರುತಿರಬಹುದು. ಅಂಥವರು ಆಣೆ ಇಟ್ಟು ದಿಢೀರನೆ ನಿಲ್ಲಿಸಿದರೆ 48 ಗಂಟೆಗಳೊಳಗೆ ಫಿಟ್ಸ್ ಬರುವ, ಎರಡು ಮೂರು ದಿನಗಳಲ್ಲಿ ದಿಕ್ಕುಗೆಟ್ಟು ಇಲ್ಲದ್ದನ್ನು ಕಾಣುವ ಸಂಭವವಿದೆ. ಮದ್ಯವರ್ಜನ ಶಿಬಿರಕ್ಕೆ ಕಳುಹಿಸುವುದಾದರೂ ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಮನೆಯವರೂ ಉಚಿತವಾಗಿ ಕರೆ ಮಾಡಬಹುದು. ಕೈ ಎತ್ತುವ ಮಟ್ಟಕ್ಕೆ ಹೋದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ತಿಳಿಸಿ.

ಪ್ರತಿಕ್ರಿಯೆ: ಮೂಡಿಗೆರೆಯ ತಂಗಿ

ಅಕ್ಕ, ಮುಂದಿನ ಅಮಾವಾಸ್ಯೆಯಿಂದ ಒಂದು ಹನಿಯನ್ನೂ ಮುಟ್ಟುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿಸಲು ಅಮ್ಮ ಸಿದ್ಧರಾಗಿದ್ದರು. ಸದ್ಯಕ್ಕೆ ಅದನ್ನು ತಡೆದಿದ್ದೇನೆ. ಭಾನುವಾರ ತೋಟಕ್ಕೆ ರಜೆ. ಅಣ್ಣನ ಜೊತೆ ಒಬ್ಬಳೇ ಕುಳಿತು ಮಾತನಾಡುತ್ತೇನೆ. ಚಿಕ್ಕಮಗಳೂರಿನ ಆಸ್ಪತ್ರೆಗೆ ಜೊತೆಯಲ್ಲಿ ಬರಲು ಅತ್ತಿಗೆ ಒಪ್ಪಿದ್ದಾರೆ.