ಓವನ್ ಇಲ್ಲದ ಕ್ರಿಸ್‌ಮಸ್ ಬಿಸ್ಕತ್ತು: ಅಚ್ಚು ಮುರಿಯುತ್ತೆ, ಐಸಿಂಗ್ ಒಣಗಲ್ಲ. ಮಕ್ಕಳ ಕೈಲಿ ಅಲಂಕಾರ ಮಾಡಿಸೋದು ಹೇಗೆ?

ಕೈಮರದ_ಮನೆ:
ಚಿಕ್ಕಮಗಳೂರು. ಕ್ರಿಸ್‌ಮಸ್ ರಜೆಯಲ್ಲಿ 4ರಿಂದ 10 ವರ್ಷದ ಎಂಟು ಮಕ್ಕಳನ್ನು ಕೂರಿಸಿ ಬಿಸ್ಕತ್ತು ಮಾಡಿಸಬೇಕು. ಓವನ್ ಇಲ್ಲ, ಮೊಟ್ಟೆ ಬೇಡ. ಮಾರಿ ಬಿಸ್ಕತ್ತಿನ ಪುಡಿ, ಕಂಡೆನ್ಸ್ಡ್ ಮಿಲ್ಕ್, ಬೆಣ್ಣೆ, ಕೋಕೋ ಸೇರಿಸಿ ಕಲಸುವ ಹಿಟ್ಟು. ಪ್ರಯೋಗಕ್ಕೆ ಮಾಡಿದ್ದರಲ್ಲಿ ಮೂರು ತೊಂದರೆ. ನಕ್ಷತ್ರದ ಅಚ್ಚಿನಿಂದ ತೆಗೆಯುವಾಗ ತುದಿಗಳು ಮುರಿಯುತ್ತವೆ. ಮೇಲೆ ಎಳೆದ ಸಕ್ಕರೆ ಐಸಿಂಗ್ ಬೆಳಗಾದರೂ ಅಂಟಂಟಾಗೇ ಇದ್ದು ಕಂದು ಕಲೆ ಬೀಳುತ್ತೆ. ಕರಗಿಸಿದ ಬಿಳಿ ಚಾಕೊಲೇಟಿಗೆ ಎರಡು ಹನಿ ಹಸಿರು ಬಣ್ಣ ಹಾಕಿದ್ದೇ ತಡ, ಗಂಟುಗಂಟಾಗಿ ಉಪ್ಪಿಟ್ಟಿನ ಥರ ಆಯ್ತು. ಯಾವುದನ್ನು ಎಲ್ಲಿ ಸರಿ ಮಾಡಬೇಕು?

ಬೇಲೂರು_ರಸ್ತೆ:
ಮೊದಲ ಎರಡಕ್ಕೆ ಉತ್ತರ ಹೇಳ್ತೀನಿ. ಬಣ್ಣದ ವಿಷಯ ಬೇರೆಯವರು ಹೇಳಲಿ.

ತುದಿ ಮುರಿಯೋದಕ್ಕೆ ಕಾರಣ ಪುಡಿಯ ತರಿ. ಮಿಕ್ಸಿಯಲ್ಲಿ ತಿರುವಿದ ಮೇಲೆ ಹಿಟ್ಟಿನ ಜರಡಿ ಹಿಡಿಯಿರಿ, ಮೇಲೆ ಉಳಿದದ್ದನ್ನು ಮತ್ತೆ ತಿರುವಿ. ಒಂದೇ ಒಂದು ದಪ್ಪ ತುಂಡು ನಕ್ಷತ್ರದ ಕಾಲಲ್ಲಿ ಸಿಕ್ಕಿಕೊಂಡರೂ ಅಲ್ಲೇ ಬಿರುಕು. ಅಳತೆ: ಜರಡಿ ಹಿಡಿದ ಪುಡಿ 200 ಗ್ರಾಂ, ಕೋಕೋ 15 ಗ್ರಾಂ, ಬೆಣ್ಣೆ 50 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 120 ಗ್ರಾಂ. ಕಂಡೆನ್ಸ್ಡ್ ಮಿಲ್ಕನ್ನು ಚಮಚದಲ್ಲಿ ಅಳೆಯಬೇಡಿ, ಚಮಚಕ್ಕೇ ಕಾಲು ಭಾಗ ಅಂಟಿಕೊಳ್ಳುತ್ತೆ. ಬಟ್ಟಲನ್ನು ತಕ್ಕಡಿ ಮೇಲಿಟ್ಟು ನೇರವಾಗಿ ಸುರಿಯಿರಿ. ಬೆಣ್ಣೆ ಕರಗಿಸಿ, ಬೆರಳಿಟ್ಟರೆ ಉಗುರುಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಹಾಕಿ. ಬಿಸಿಬಿಸಿ ಸುರಿದರೆ ಕಲಸುವಾಗಲೇ ಜಿಡ್ಡು ಬಿಟ್ಟು ಬಟ್ಟಲಿನ ಅಂಚಲ್ಲಿ ಹೊಳೆಯುತ್ತೆ, ಆಮೇಲೆ ಎಷ್ಟು ನಾದಿದರೂ ಕೂಡಿಕೊಳ್ಳಲ್ಲ.

ಕಲಸಿ ಹತ್ತು ನಿಮಿಷ ಮುಚ್ಚಿಡಿ. ಪುಡಿ ಆಗ ತೇವ ಕುಡಿಯುತ್ತೆ. ಆಮೇಲೆ ಮುಷ್ಟಿಯಲ್ಲಿ ಹಿಡಿದು ಬಿಡಿ: ಬೆರಳಿನ ಗುರುತು ಚೊಕ್ಕವಾಗಿ ಉಳಿದರೆ ಹದ ಸರಿ. ಉದುರಿದರೆ ಒಂದು ಟೀ ಚಮಚ ಹಾಲು, ಅದಕ್ಕಿಂತ ಹೆಚ್ಚು ಒಂದೇ ಸಲ ಬೇಡ.

ಲಟ್ಟಿಸೋಕೆ ಬಟರ್ ಪೇಪರ್ ಹುಡುಕಬೇಕಿಲ್ಲ. ಒಲೆ ಮೇಲೆ ಬಾಡಿಸಿದ ಬಾಳೆಎಲೆ ಎರಡು ತುಂಡು ಸಾಕು, ಒಬ್ಬಟ್ಟಿಗೆ ಮಾಡುವ ಹಾಗೇ. ನಡುವೆ ಹಿಟ್ಟಿಟ್ಟು 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಎಲೆ ಎತ್ತಿದಾಗ ಹಿಟ್ಟಿನ ಮೇಲೆ ಸಣ್ಣ ಸಣ್ಣ ಗೆರೆ ಸಾಲಾಗಿ ಬಿದ್ದಿರುತ್ತೆ, ಮಕ್ಕಳು ಮೊದಲು ನೋಡೋದೇ ಅದನ್ನು. ಎಲೆ ಸಮೇತ ಫ್ರಿಜ್ಜಿನಲ್ಲಿ 30 ನಿಮಿಷ. ಅಚ್ಚು ಒತ್ತೋದು ಅದಾದ ಮೇಲೆ, ಮುಂಚೆ ಅಲ್ಲ. ಅಚ್ಚಿನ ಅಂಚನ್ನು ಪ್ರತಿ ಸಲ ಕೋಕೋದಲ್ಲಿ ಅದ್ದಿ. ಚೂಪು ತುದಿಯ ನಕ್ಷತ್ರ ಈ ಹಿಟ್ಟಿಗೆ ಆಗಿಬರಲ್ಲ. ದಪ್ಪ ಕಾಲಿನ ನಕ್ಷತ್ರ, ಗಂಟೆ, ಸ್ಟೀಲ್ ಲೋಟದ ಬಾಯಲ್ಲಿ ಒತ್ತಿದ ದುಂಡು ಇವೇ ಒಳ್ಳೇದು. ಈ ಅಳತೆಗೆ 5 ಸೆಂಟಿಮೀಟರ್ ಅಗಲದವು 25ರ ಆಸುಪಾಸು ಬರುತ್ತವೆ, ಮಗುವಿಗೆ ಮೂರರ ಲೆಕ್ಕ.

ಇನ್ನು ಐಸಿಂಗ್. ಬೇಯಿಸಿದ ಬಿಸ್ಕತ್ತು ಒಣಗಿರುತ್ತೆ, ಐಸಿಂಗಿನ ನೀರನ್ನು ಒಂದಿಷ್ಟು ಎಳೆದುಕೊಳ್ಳುತ್ತೆ. ನಿಮ್ಮದು ಆಗಲೇ ತೇವ, ಆಗಲೇ ಜಿಡ್ಡು. ಐಸಿಂಗಿನ ನೀರಿಗೆ ಕೆಳಗೆ ಹೋಗೋಕೆ ಜಾಗ ಇಲ್ಲ, ಬಿಸ್ಕತ್ತಿನ ಬೆಣ್ಣೆ, ಕೋಕೋ ಮಾತ್ರ ಮೇಲಕ್ಕೆ ಬರುತ್ತವೆ. ಕಂದು ಕಲೆ ಅದೇ. ಹಾಗಾಗಿ ನಡುವೆ ಒಂದು ಗೋಡೆ ಬೇಕು. ತಣ್ಣಗಿನ ಬಿಸ್ಕತ್ತಿಗೆ ಕರಗಿಸಿದ ಬಿಳಿ ಚಾಕೊಲೇಟ್ ಕಾಂಪೌಂಡನ್ನು ಒಂದು ಟೀ ಚಮಚದಷ್ಟು ಹಾಕಿ ಚಮಚದ ಬೆನ್ನಲ್ಲಿ ಸವರಿ, ಅಂಚಿನವರೆಗೂ. ಅಷ್ಟಕ್ಕೂ 150 ಗ್ರಾಂ ಸಾಕು. ಗಟ್ಟಿಯಾದ ಮೇಲೆ ಅದರ ಮೇಲೆ ಐಸಿಂಗ್ ಬರೆದರೆ ಕಲೆ ಬರಲ್ಲ. ಬೇಯಿಸಿದ ಬಿಸ್ಕತ್ತಿನ ಅಲಂಕಾರದ ಪಾಠವನ್ನು ಹಾಗೇ ಇದಕ್ಕೆ ತಂದರೆ ಕೆಡೋದು ಇಲ್ಲೇ.

ಹೇಮಾವತಿ_ದಂಡೆ:
ಹಾಸನದಿಂದ. ಚಾಕೊಲೇಟ್ ಗಂಟಾಗಿದ್ದು ನೀರಿನಿಂದ. ಕರಗಿದ ಚಾಕೊಲೇಟಿನಲ್ಲಿ ಸಕ್ಕರೆಯ ಕಣಗಳು ಕೊಬ್ಬಿನಲ್ಲಿ ತೇಲ್ತಾ ಇರುತ್ತವೆ. ಒಂದೆರಡು ಹನಿ ನೀರು ಬಿದ್ದರೆ ಆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಾಟಲಿಯ ದ್ರವ ಬಣ್ಣ ಸಾಮಾನ್ಯವಾಗಿ ನೀರಿನದ್ದೇ. ಚಾಕೊಲೇಟಿಗೆ ಎಣ್ಣೆಯಲ್ಲಿ ಕಲೆಸಿದ ಬಣ್ಣ ಇಲ್ಲವೇ ಪುಡಿ ಬಣ್ಣ ಬೇಕು. ಆಗಲೇ ಗಂಟಾಗಿದ್ದರೆ ಎಸೆಯಬೇಡಿ: 60 ಗ್ರಾಂಗೆ ಒಂದು ದೊಡ್ಡ ಚಮಚ ಬಿಸಿ ಹಾಲು ಹಾಕಿ ತಿರುವಿದರೆ ಮತ್ತೆ ನಯವಾಗುತ್ತೆ. ಆದರೆ ಅದು ಇನ್ನು ಗಟ್ಟಿಯಾಗಲ್ಲ, ಎರಡು ಬಿಸ್ಕತ್ತಿನ ನಡುವೆ ಅಂಟಿಸೋಕೆ ಬಳಸಿ.

ಪೊಟ್ಟಣದ ಮೇಲೆ ಕಾಂಪೌಂಡ್ ಅಂತ ಇದೆಯಾ ನೋಡಿಕೊಳ್ಳಿ. ಕಾಂಪೌಂಡಿನಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತೆ, ಕರಗಿಸಿ ಹಚ್ಚಿದರೆ ಸಾಕು, ತಾನೇ ಗಟ್ಟಿಯಾಗುತ್ತೆ. ಕೋಕೋ ಬೆಣ್ಣೆಯ ಅಸಲಿ ಚಾಕೊಲೇಟಿಗೆ ಕಾಯಿಸಿ ಆರಿಸುವ ಹದ ಬೇರೆಯೇ, ತಪ್ಪಿದರೆ ಮೇಲೆ ಬೂದು ಬಣ್ಣ ಬಂದು ಬೆರಳಿಗೆ ಮೆತ್ತಿಕೊಳ್ಳುತ್ತೆ. ಮಕ್ಕಳ ಕೆಲಸಕ್ಕೆ ಅದು ಬೇಡ.

ಕರಗಿಸುವಾಗ ಪಾತ್ರೆಯಲ್ಲಿ ನೀರು ಕುದ್ದ ಮೇಲೆ ಉರಿ ಆರಿಸಿ, ಆಮೇಲೆ ಅದರ ಮೇಲೆ ಕಾಂಪೌಂಡಿನ ಬಟ್ಟಲು ಇಡಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಮೇಲೆ ತಟ್ಟೆ ಮುಚ್ಚಬೇಡಿ, ಆವಿ ಹನಿಯಾಗಿ ಒಳಗೇ ಬೀಳುತ್ತೆ. ಮುಕ್ಕಾಲು ಕರಗಿದಾಗಲೇ ಇಳಿಸಿ ತಿರುವುತ್ತಾ ಇದ್ದರೆ ಉಳಿದದ್ದು ತಾನಾಗೇ ಕರಗುತ್ತೆ. ಬಿಳಿಯದು ಕಪ್ಪಿಗಿಂತ ಬೇಗ ಸೀಯುತ್ತೆ. ಇದು ದೊಡ್ಡವರ ಕೆಲಸ, ಮಕ್ಕಳ ಮೇಜಿಗೆ ಬೆಚ್ಚಗಿನ ಬಟ್ಟಲು ಮಾತ್ರ ಹೋಗಲಿ.

ಮುಖ್ಯವಾದ ಮಾತು: ಫ್ರಿಜ್ಜಿನಿಂದ ತೆಗೆದ ಬಿಸ್ಕತ್ತಿನ ಮೇಲೆ ಕಾಂಪೌಂಡ್ ಎರಡು ಮೂರು ನಿಮಿಷದಲ್ಲಿ ಬಿಗಿಯುತ್ತೆ. ಎಲ್ಲಕ್ಕೂ ಸವರಿ ಆಮೇಲೆ ಜೆಮ್ಸ್ ಅಂಟಿಸೋಣ ಅಂದರೆ ಒಂದೂ ಅಂಟಲ್ಲ, ಉರುಳಿ ನೆಲಕ್ಕೆ. ಮಗುವಿಗೆ ಒಂದು ಸಲಕ್ಕೆ ಒಂದೇ ಬಿಸ್ಕತ್ತು ಕೊಡಿ. ಸವರು, ಒತ್ತು, ಪಕ್ಕಕ್ಕಿಡು, ಮುಂದಿನದು.

ಕೈಮರದ_ಮನೆ:
ಗೋಡೆಯ ವಿಚಾರ ಗೊತ್ತಾಯ್ತು, ಧನ್ಯವಾದ. ಎರಡು ಪ್ರಶ್ನೆ ಉಳಿದವು. ಬರೆಯುವ ಐಸಿಂಗಿನ ಅಳತೆ ಏನು? ಮತ್ತೆ ಆ ದಿನ ಕರೆಂಟ್ ಹೋದರೆ ಫ್ರಿಜ್ಜಿಲ್ಲದೆ ಆಗುವಂಥದ್ದು ಏನಾದರೂ ಇದೆಯಾ?

ಬೇಲೂರು_ರಸ್ತೆ:
ಐಸಿಂಗ್ ಸಕ್ಕರೆ 100 ಗ್ರಾಂ, ಹಾಲು 3 ಟೀ ಚಮಚ. ಚಮಚದಿಂದ ಎತ್ತಿ ಬಿಟ್ಟ ಎಳೆ ಹತ್ತು ಎಣಿಸುವಷ್ಟರಲ್ಲಿ ಮುಳುಗಿದರೆ ಅದು ಗೆರೆಯ ಒಳಗೆ ತುಂಬೋಕೆ ಸರಿ. ಗೆರೆ ಎಳೆಯೋಕೆ ಇನ್ನೊಂದು ದೊಡ್ಡ ಚಮಚ ಸಕ್ಕರೆ ಸೇರಿಸಿ. ಮನೆಯಲ್ಲಿ ಸಕ್ಕರೆ ಪುಡಿ ಮಾಡಿದರೆ 100 ಗ್ರಾಂಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಬೆರೆಸಿ ತೆಳು ಬಟ್ಟೆಯಲ್ಲಿ ಸೋಸಿ. ಒಂದು ಹರಳು ಉಳಿದರೂ ಕೋನಿನ ಬಾಯಿ ಕಟ್ಟುತ್ತೆ, ಮಗು ಜೋರಾಗಿ ಹಿಸುಕುತ್ತೆ, ಹಿಂದಿನಿಂದ ಎಲ್ಲಾ ಹೊರಗೆ. ಕೋನು ಮೆಹಂದಿ ಕೋನಿನಂತೆ ಸುತ್ತಿ, ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ತುಂಬಬೇಡಿ, ತುದಿ 2 ಮಿಲಿಮೀಟರ್ ಕತ್ತರಿಸಿ. ಹಸಿ ಐಸಿಂಗಿನ ಮೇಲೆ ಜೆಮ್ಸ್ ಇಟ್ಟರೆ ಬಣ್ಣ ಇಳಿಯುತ್ತೆ, ಅದಕ್ಕೆ ಜೆಮ್ಸ್ ಯಾವಾಗಲೂ ಕಾಂಪೌಂಡಿನ ಮೇಲೇ.

ಅಜ್ಜಂಪುರ_ಅಡುಗೆಮನೆ:
ಫ್ರಿಜ್ಜಿಲ್ಲದೆ ಆಗೋದು ರಾಗಿ ಹುರಿಹಿಟ್ಟಿನದ್ದು. ಹುರಿಹಿಟ್ಟು 100 ಗ್ರಾಂ, ಹುರಿಗಡಲೆ ಪುಡಿ 50, ಒಣ ಬೆಲ್ಲದ ಪುಡಿ 75, ಏಲಕ್ಕಿ ಎರಡು. ಕರಗಿದ ತುಪ್ಪ 70 ಗ್ರಾಂನಿಂದ ಶುರು ಮಾಡಿ, ಉಂಡೆ ಕಟ್ಟುವ ಹದ ಬರೋವರೆಗೂ ಚಮಚ ಚಮಚ ಹಾಕಿ. ಬೆಲ್ಲ ಒದ್ದೆ ಇದ್ದರೆ ಅಚ್ಚು ಬಿಡಲ್ಲ. ನಮ್ಮ ಡಿಸೆಂಬರ್ ಬೆಳಗಿನ ಚಳಿಗೆ ತುಪ್ಪ ಡಬ್ಬಿಯಲ್ಲೇ ಮರಳುಮರಳಾಗಿ ಹೆಪ್ಪುಗಟ್ಟುತ್ತೆ, ಇದೂ ಹಾಗೇ ಬಿಗಿಯುತ್ತೆ. ಬೆಳಿಗ್ಗೆ ಎಂಟಕ್ಕೆ ಮೊದಲು ಅಚ್ಚು ಹಾಕಿಡಿ. ಇರುವೆ ಬರದ ಹಾಗೆ ತಟ್ಟೆಯನ್ನು ನೀರು ತುಂಬಿದ ಅಗಲ ಪಾತ್ರೆಯ ನಡುವೆ ಎತ್ತರಿಸಿ ಇಡಿ.

ಇದಕ್ಕೆ ಗಣೇಶನ ಹಬ್ಬದ ಮೋದಕದ ಅಚ್ಚು ಬಳಸಿ. ಒತ್ತಿ ಬಿಚ್ಚಿ ನೆಟ್ಟಗೆ ನಿಲ್ಲಿಸಿದರೆ, ಕೆಳಗೆ ಅಗಲ, ಮೇಲೆ ಚೂಪು, ಸುತ್ತಲೂ ಮಡಿಕೆ: ಕ್ರಿಸ್‌ಮಸ್ ಮರ ತಯಾರು. ನೆತ್ತಿಗೆ ಒಂದು ಚಮಚ ಬಿಳಿ ಕಾಂಪೌಂಡ್ ಬಿಟ್ಟರೆ ಮಡಿಕೆಯ ಏಣುಗಳ ಮೇಲೆ ನಿಂತು ನಿಂತು ಇಳಿಯುತ್ತೆ, ಮೇಲೊಂದಿಷ್ಟು ಒಣಕೊಬ್ಬರಿ ಪುಡಿ ಉದುರಿಸಿದರೆ ಹಿಮ. ಹಸಿ ತೆಂಗಿನತುರಿ ಬೇಡ, ಮರುದಿನಕ್ಕೇ ಹಳಸುತ್ತೆ. ನಾಲ್ಕು ವರ್ಷದವರಿಗೆ ಕೋನು ಕೊಡೋದಕ್ಕಿಂತ ಈ ಉದುರಿಸುವ ಕೆಲಸ ಕೊಡಿ, ಅವರ ಕೈಗೆ ಅದೇ ಒಗ್ಗುತ್ತೆ.

ಇನ್ನೊಂದು, ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಬೇಯಿಸದ ಬಿಸ್ಕತ್ತು ಅಂತ ಹಸಿ ಮೈದಾ ಹಾಕುವ ವಿಡಿಯೊಗಳಿವೆ. ಹಸಿ ಹಿಟ್ಟಿನಲ್ಲಿ ರೋಗಾಣು ಇರಬಹುದು, ತಿನ್ನಬಾರದು, ಬೆರಳು ನೆಕ್ಕುವ ಮಕ್ಕಳಿರುವಾಗಲಂತೂ ಬೇಡವೇ ಬೇಡ. ಹುರಿಹಿಟ್ಟು ಅರಳಿಸಿ ಬೀಸಿದ್ದು, ಮಾರಿ ಬೇಯಿಸಿದ್ದು, ಹಾಗಾಗಿ ಆ ಭಯ ಇಲ್ಲ. ಮಾಮೂಲಿ ರಾಗಿ ಹಿಟ್ಟನ್ನು ಹುರಿಹಿಟ್ಟಿನ ಬದಲು ಹಾಕಬೇಡಿ.

ಹೇಮಾವತಿ_ದಂಡೆ:
ಅಲಂಕಾರದ ಸಾಮಾನಿಗೆ ಬಿಡಿ ಮಾರುವ ಬಣ್ಣದ ಕಾಳು ತರಬೇಡಿ. ಪೊಟ್ಟಣದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ನೋಡಿ. ಬಟ್ಟೆಗೆ ಹಾಕುವ ರೋಡಮೈನ್-ಬಿ ತಿಂಡಿಯಲ್ಲಿ ಸಿಕ್ಕಿತು ಅಂತಲೇ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿ, ಗೋಬಿ ಮಂಚೂರಿಯ ಬಣ್ಣಕ್ಕೆ ತಡೆ ಹಾಕಿದ್ದು. ಐಸಿಂಗಿಗೆ ಬೀಟ್‌ರೂಟ್ ತುರಿದು ಹಿಂಡಿದ ರಸ ಸಾಕು, ಒಂದು ಟೀ ಚಮಚ ಹಾಕಿದರೆ ಅಷ್ಟೇ ಹಾಲು ಕಡಿಮೆ ಮಾಡಿ. ಹಳದಿಗೆ ಚಿಟಿಕೆಯಲ್ಲೂ ಕಾಲು ಭಾಗ ಅರಿಸಿನ. ಐದು ವರ್ಷದ ಒಳಗಿನವರ ಮುಂದೆ ಗಟ್ಟಿ ಬೆಳ್ಳಿ ಗುಂಡು, ಇಡೀ ಕಡಲೆಬೀಜ ಇಡಬೇಡಿ, ಗಂಟಲಿಗೆ ಸಿಕ್ಕುತ್ತೆ.

ವಿನ್ಯಾಸಕ್ಕೆ ಹಿಮಮಾನವನೇ ಆಗಬೇಕಿಲ್ಲ. ಈಗ ಅರೇಬಿಕಾ ಕಾಫಿಯ ಕೊಯ್ಲು. ಹಸಿರು ಐಸಿಂಗಿನಲ್ಲಿ ಒಂದು ನೇರ ಗೆರೆ, ಅದರ ಉದ್ದಕ್ಕೂ ಎರಡು ಬೆರಳಿಗೊಂದು ಕಡೆ ಕೆಂಪು ಟೂಟಿ ಫ್ರೂಟಿ ನಾಲ್ಕು ನಾಲ್ಕು ಒತ್ತಾಗಿ: ಹಣ್ಣಾದ ಕಾಫಿ ರೆಕ್ಕೆ, ಅಂದರೆ ಕಾಫಿ ಗಿಡದ ಕೊಂಬೆ. ಗೋದಲಿಯ ಕುರಿಗೆ ದುಂಡು ಬಿಸ್ಕತ್ತು, ಮೈತುಂಬಾ ಒಣಕೊಬ್ಬರಿ, ಮುಖಕ್ಕೆ ಒಂದು ಒಣದ್ರಾಕ್ಷಿ.

ಕೈಮರದ_ಮನೆ:
ಕಾಫಿ ರೆಕ್ಕೆ ಖಂಡಿತ ಮಾಡಿಸ್ತೀನಿ. ಮಾಡಿದ್ದನ್ನು ಎರಡು ದಿನ ಇಟ್ಟು ಹಂಚಬೇಕು. ಹೇಗಿಡಲಿ?

ಬೇಲೂರು_ರಸ್ತೆ:
ಐಸಿಂಗ್ ರಾತ್ರಿಯಿಡೀ ಫ್ಯಾನ್ ಕೆಳಗೆ ಒಣಗಲಿ, ಸಂಜೆಯೇ ಡಬ್ಬಿಗೆ ಹಾಕಿದರೆ ಗೆರೆ ಎಲ್ಲಾ ಮುಚ್ಚಳಕ್ಕೆ. ಸ್ಟೀಲ್ ಡಬ್ಬಿಯಲ್ಲಿ ಒಂದೊಂದು ಪದರಕ್ಕೂ ಬಟರ್ ಪೇಪರ್, ನ್ಯೂಸ್‌ಪೇಪರ್ ಅಲ್ಲ, ಶಾಯಿ ಅಂಟುತ್ತೆ. ಮಾರಿಯದು ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತೆ. ಹಂಚುವ ದಿನ ಡಬ್ಬಿ ಹೊರಗಿಟ್ಟು ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ಬೆವರು ಡಬ್ಬಿಯ ಹೊರಗೆ ಕೂರಲಿ, ಬಿಸ್ಕತ್ತಿನ ಮೇಲೆ ಬೇಡ.