ಪದಚರ್ಚೆ: ಡಿಫರೆನ್ಷಿಯಲ್ ಬಿಡಿಭಾಗ ಮತ್ತು ಕಾರಿನ ‘ಸ್ವಂತಿಕೆ’

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಕಾರುಗಳ ಹಿಂದಿನ ಆಕ್ಸಲ್ ಬಿಚ್ಚಿ ಜೋಡಿಸುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಎಂಜಿನ್ನಿನ ತಿರುಗುವಿಕೆಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರು ಜೋಡಣೆಯಾದ ಡಿಫರೆನ್ಷಿಯಲ್ ಬಗ್ಗೆ ಕರಡಿನಲ್ಲಿ ಈ ವಾಕ್ಯವಿದೆ: ‘ಡಿಫರೆನ್ಷಿಯಲ್ ಭಾಗಗಳನ್ನು ಬದಲಿಸುವಾಗ ಕಾರಿನ ಸ್ವಂತಿಕೆಗೆ ಧಕ್ಕೆ ಬರಬಾರದು.’ ‘ಸ್ವಂತಿಕೆ’ ಕವಿಗೆ, ಚಿತ್ರಕಾರನಿಗೆ ಒಪ್ಪುವ ಮಾತು, ಕಾರಿಗೆ ಹೊಂದುತ್ತಿಲ್ಲ. ‘ಅಸಲಿತನ’, ‘ಮೂಲರೂಪ’ ಇವೆರಡರಲ್ಲಿ ಯಾವುದು ಸರಿ? ಬ್ಯಾಕ್‌ಲ್ಯಾಶ್ (ಒಂದಕ್ಕೊಂದು ಕೂಡುವ ಗೇರು ಹಲ್ಲುಗಳ ನಡುವಿನ ಸಣ್ಣ ಸಂದು) ಎಂಬುದಕ್ಕೆ ‘ಹಿಂಬಡಿತ’ ಎಂದು ಬರೆದಿದ್ದಾರೆ. ಅದನ್ನು ಉಳಿಸಬಹುದೇ?

ಉತ್ತರ 1

‘ಸ್ವಂತಿಕೆ’ ಬೇಡವೇ ಬೇಡ. ಉಳಿದೆರಡರಲ್ಲಿ ಒಂದನ್ನೇ ಆರಿಸಬೇಕಿಲ್ಲ, ಎರಡೂ ಬೇಕು. ‘ಅಸಲಿ’ ಎಂಬುದು ‘ನಕಲಿ’ಗೆ ಎದುರು ಮಾತು, ಒಂದು ಭಾಗದ ಬಗ್ಗೆ ಹೇಳುವಂಥದ್ದು. ‘ಮೂಲರೂಪ’ ಇಡೀ ಕಾರಿನ ಬಗ್ಗೆ. ಅಸಲಿ ಭಾಗವನ್ನೇ ಹಾಕಿ ಮೂಲರೂಪ ಕೆಡಿಸಬಹುದು ಎಂಬುದನ್ನು ಕೈಪಿಡಿ ಓದುವವರಿಗೆ ಮೊದಲು ಹೇಳಬೇಕು.

ಮಾರಿಸ್ ಮೈನರ್ 1000 ಕಾರನ್ನೇ ನೋಡಿ. 948 ಸಿಸಿ ಎಂಜಿನ್ನಿನ ಕಾರಿಗೆ 9 ಹಲ್ಲಿನ ಪಿನಿಯನ್ (ತಿರುಗಿಸುವ ಸಣ್ಣ ಗೇರು), 41 ಹಲ್ಲಿನ ಕ್ರೌನ್ (ಅದು ತಿರುಗಿಸುವ ದೊಡ್ಡ ಗೇರು), ಎರಡರ ಹಲ್ಲುಗಳ ಅನುಪಾತ 4.555. 1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಕ್ರೌನ್ 38 ಹಲ್ಲಿನದಾಯಿತು, ಅನುಪಾತ 4.222. ಎರಡೂ ಅಸಲಿಯೇ. ಆದರೆ 948ರ ಕಾರಿಗೆ ಎರಡನೆಯದನ್ನು ಹಾಕಿದರೆ ಏರಿನಲ್ಲಿ ಎಂಜಿನ್ ಒದ್ದಾಡುತ್ತದೆ, ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ: ಮುಳ್ಳು 60ರಲ್ಲಿದ್ದಾಗ ಕಾರು ಸುಮಾರು 65ರಲ್ಲಿ ಓಡುತ್ತಿರುತ್ತದೆ. ಇದಕ್ಕೆ ತದ್ವಿರುದ್ಧ ಬೇರಿಂಗು, ಆಯಿಲ್ ಸೀಲು, ಗ್ಯಾಸ್ಕೆಟ್ಟುಗಳ ವಿಷಯ. ಅವು ಸವೆಯಲೆಂದೇ ಇರುವವು. ಅಳತೆ ಸರಿಯಿದ್ದರೆ ಇವತ್ತು ತಯಾರಾದವನ್ನೇ ಹಾಕಿ, ಮೂಲರೂಪಕ್ಕೆ ಏನೂ ಕುಂದಿಲ್ಲ.

ಮೂರನೆಯ ಪದವೊಂದೂ ಬೇಕು: ಆ ಕಾರಿನ ಜೊತೆಗೇ ಕಾರ್ಖಾನೆಯಿಂದ ಹೊರಬಂದ ಭಾಗಕ್ಕೆ. ‘ಹುಟ್ಟುಗುಣ’ದ ಮಾದರಿಯಲ್ಲಿ ‘ಹುಟ್ಟುಭಾಗ’ ಎನ್ನಬಹುದು. ಹೌಸಿಂಗ್ (ಗೇರುಗಳನ್ನು ಹೊತ್ತ ಲೋಹದ ಕವಚ) ಹುಟ್ಟುಭಾಗವಾಗಿಯೇ ಉಳಿಯಬೇಕಾದದ್ದು. ಬೇರಿಂಗುಗಳನ್ನು ಅದಕ್ಕೆ ಹಿಡಿದಿಡುವ ಬೇರಿಂಗ್ ಕ್ಯಾಪುಗಳೂ ಹಾಗೆಯೇ, ಏಕೆಂದರೆ ಅವನ್ನು ಹೌಸಿಂಗಿಗೆ ಬಿಗಿದಿಟ್ಟೇ ಕೊರೆದಿರುತ್ತಾರೆ. ಎಡದ್ದು ಬಲಕ್ಕೆ ಹೋದರೆ ರಂಧ್ರ ದುಂಡಗಿರುವುದಿಲ್ಲ, ಬೇರಿಂಗ್ ಹಾಳಾಗುತ್ತದೆ. ಗುರುತು ಕಾಣದಿದ್ದರೆ ಬಿಚ್ಚುವ ಮೊದಲೇ ಪಂಚಿನಿಂದ ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು ಚುಕ್ಕಿ ಹೊಡೆಯಿರಿ.

ಕ್ರೌನ್ ಮತ್ತು ಪಿನಿಯನ್‌ಗೆ ಕರಡಿನಲ್ಲಿ ‘ಸೆಟ್’ ಎಂದಿದ್ದರೆ ‘ಜೋಡಿ’ ಎಂದು ತಿದ್ದಿ. ಇವನ್ನು ಒಂದಕ್ಕೊಂದು ತೇಯ್ದು ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ಸಂಖ್ಯೆ ಕೆತ್ತಿರುತ್ತಾರೆ. ಪಿನಿಯನ್ನಿನ ಒಂದು ಹಲ್ಲು ಚಕ್ಕೆ ಎದ್ದಿದೆಯೆಂದು ಅದೊಂದನ್ನೇ ಹೊಸದು ಹಾಕಿದರೆ ಆಕ್ಸಲ್ ಗುಂಯ್‌ಗುಟ್ಟುವುದು ನಿಲ್ಲುವುದಿಲ್ಲ.

ಇನ್ನು ‘ಹಿಂಬಡಿತ’. ಇಲ್ಲಿ ಯಾವುದೂ ಬಡಿಯುತ್ತಿಲ್ಲ. ಗ್ಯಾರೇಜಿನಲ್ಲಿ ‘ಪ್ಲೇ’ ಅನ್ನುತ್ತಾರೆ. ‘ಸಡಿಲ’ ಎಂದರೆ ದೋಷವೆಂಬ ಅರ್ಥ ಬಂದುಬಿಡುತ್ತದೆ, ಆದರೆ ಇದು ಇರಲೇಬೇಕಾದ ಜಾಗ. ‘ಹಲ್ಲುಸಂದು’ ನನಗೆ ಒಪ್ಪಿಗೆ. ಪಿನಿಯನ್ ಅಲುಗದಂತೆ ಹಿಡಿದು, ಕ್ರೌನಿನ ಹಲ್ಲಿಗೆ ಡಯಲ್ ಗೇಜ್ ತಾಗಿಸಿ, ನಾಲ್ಕು ಕಡೆ ಅಳೆಯಬೇಕು. ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ಇರುತ್ತದೆ, ಆ ಜೋಡಿಯ ಮೇಲೆಯೇ ಅಳತೆ ಕೆತ್ತಿದ್ದರೆ ಅದೇ ಪ್ರಮಾಣ. ನಾಲ್ಕು ಕಡೆಯೂ ಬೇರೆ ಬೇರೆ ಬಂದರೆ ಕ್ರೌನಿನ ಕೆಳಗೆ ಕಸ ಸಿಕ್ಕಿದೆಯೇ ನೋಡಿ. ಸಂದು ಹೆಚ್ಚಿದ್ದರೆ ಒಂದು ಬದಿಯ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ತೆಗೆದು ಇನ್ನೊಂದು ಬದಿಗೆ ಹಾಕಬೇಕು. ಒಟ್ಟು ದಪ್ಪ ಬದಲಾಗಬಾರದು, ಬದಲಾದರೆ ಬೇರಿಂಗಿನ ಪ್ರಿಲೋಡ್, ಅಂದರೆ ಜೋಡಿಸುವಾಗಲೇ ಅದಕ್ಕೆ ಕೊಟ್ಟಿರುವ ಬಿಗಿ, ಕೆಡುತ್ತದೆ. ಪ್ರಿಲೋಡ್‌ಗೆ ‘ಮುಂಗಡ ಬಿಗಿತ’ ಸಾಕು. ಪಿನಿಯನ್ನಿನ ಎರಡು ಬೇರಿಂಗುಗಳ ನಡುವೆ ನಲುಗುವ ಸ್ಪೇಸರ್ (ಅಂತರ ಕಾಯುವ ಕೊಳವೆ) ಇರುವ ಆಕ್ಸಲ್ಲುಗಳಲ್ಲಿ ಬಿಗಿ ಮೀರಿತೆಂದು ಪಿನಿಯನ್ ನಟ್ ಹಿಂದಕ್ಕೆ ತಿರುಗಿಸಿ ಪ್ರಯೋಜನವಿಲ್ಲ. ನಲುಗಿದ್ದು ಮತ್ತೆ ನೆಟ್ಟಗಾಗದು, ಹೊಸ ಸ್ಪೇಸರ್ ಬೇಕು.

ಉತ್ತರ 2

ಮೇಲಿನದೆಲ್ಲ ಒಪ್ಪಿಗೆ. ಸದ್ದಿನ ಪದಗಳನ್ನು ಮಾತ್ರ ಕೈಪಿಡಿಯಲ್ಲಿ ಬೇರೆ ಬೇರೆಯಾಗಿಯೇ ಇಡಿ, ಎಲ್ಲವನ್ನೂ ‘ಶಬ್ದ’ದಲ್ಲಿ ಮುಳುಗಿಸಬೇಡಿ. ‘ಗುಂಯ್’ ಎಂದರೆ ಹಲ್ಲು, ‘ಗೊರಗೊರ’ ಎಂದರೆ ಬೇರಿಂಗ್. ಕ್ಲಚ್ ಬಿಟ್ಟಾಗ ‘ಟಕ್’ ಎಂದರೆ ಬಹಳ ಸಲ ಒಳಗಿನ ಸಣ್ಣ ಗೇರುಗಳ ಹಿಂದಿರುವ ತೆಳು ವಾಷರುಗಳು ಸವೆದಿವೆ ಎಂದರ್ಥ. ಆ ವಾಷರುಗಳನ್ನಷ್ಟೇ ಹೊಸದು ಹಾಕಿ, ಅಡ್ಡ ಪಿನ್ ಸವೆದಿದ್ದರೆ ಅದನ್ನೂ ಹಾಕಿದರೆ ಸದ್ದು ಹೋಗುತ್ತದೆ. ಹುಟ್ಟು ಜೋಡಿಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ‘ಶಬ್ದ ಬಂದರೆ ಡಿಫರೆನ್ಷಿಯಲ್ ಬದಲಿಸಿ’ ಎಂದು ಬರೆದರೆ ಎಷ್ಟೋ ಒಳ್ಳೆಯ ಜೋಡಿಗಳು ಗುಜರಿಗೆ ಹೋಗುತ್ತವೆ.

‘ಬದಲಿಸು’ ಎಂಬುದೂ ಇಲ್ಲಿ ತೊಡಕು. ಅದಕ್ಕೆ ಮಾರ್ಪಡಿಸು ಎಂಬ ಅರ್ಥವೂ ಇದೆ, ನಾವು ಬೇಡವೆನ್ನುತ್ತಿರುವುದೇ ಅದನ್ನು. ‘ಬದಲಿ ಹಾಕು’ ಸ್ಪಷ್ಟ. ತೆಗೆದ ಹುಟ್ಟುಭಾಗಕ್ಕೆ ಎಣ್ಣೆ ಸವರಿ, ಯಾವ ಬದಿಯದೆಂದು ಚೀಟಿ ಕಟ್ಟಿ ಕಾರಿನೊಂದಿಗೇ ಇಡಬೇಕೆಂದೂ ಸೇರಿಸಿ. ಕರಡಿನ ವಾಕ್ಯಕ್ಕೆ ನನ್ನ ಸಲಹೆ: ‘ಡಿಫರೆನ್ಷಿಯಲ್‌ಗೆ ಬದಲಿ ಭಾಗ ಹಾಕುವಾಗ ಹಲ್ಲುಗಳ ಅನುಪಾತ, ಹೌಸಿಂಗ್ ಮತ್ತು ಅದರ ಮೇಲಿನ ಸಂಖ್ಯೆಗಳು ಕಾರು ಕಾರ್ಖಾನೆಯಿಂದ ಬಂದಾಗ ಇದ್ದಂತೆಯೇ ಉಳಿಯಬೇಕು.’