ಟ್ಯಾಂಗೋ ಹಾಡುಗಳಲ್ಲಿ ಬಡವರ ಶೋಕಿ ಕಂಡ್ರೆ ಯಾಕಿಷ್ಟು ಸಿಟ್ಟು?

ಪ್ರಶ್ನೆ:
ಅರ್ಜೆಂಟೀನಾದ ಹೆಸರಾಂತ ಟ್ಯಾಂಗೋ ಗಾಯಕ ಕಾರ್ಲೋಸ್ ಗಾರ್ಡೆಲ್ ಹಾಡಿರೋ 'ಮಾರ್ಗೋ' ಕೇಳಿ ಅರ್ಥ ಹುಡುಕಿ ಓದ್ದೆ. ಬ್ಯೂನಸ್ ಐರಿಸ್‌ನ ಬಡ ವಠಾರದಲ್ಲಿ ಹುಟ್ಟಿದ ಮಾರ್ಗರೀಟಾ ಈಗ ರೇಷ್ಮೆ ಉಟ್ಕೊಂಡು ಸಾಹುಕಾರರ ಜೊತೆ ಶಾಂಪೇನ್ ಇರೋ ಕಡೆ ಕುಣೀತಾಳೆ, ಹೆಸರೂ ಫ್ರೆಂಚ್ ಥರ ಮಾರ್ಗೋ ಆಗಿದೆ, ಹಾಡೋನು ಅವಳನ್ನ ಹಿಗ್ಗಾಮುಗ್ಗಾ ಬೈತಾನೆ. ಬಡತನ ಸಾಕು ಅಂತ ಹೊರಟೋಳ್ನ ಹಿಂಗೆ ಹೀಯಾಳಿಸ್ಬೇಕಾ? ಬೇರೆ ಹಾಡೂ ಹಿಂಗೇನಾ?

ಉತ್ತರ 1:
ಅವಳ ತಾಯಿ ಬರೋ ಸಾಲು ಇನ್ನೊಂದ್ಸಲ ಓದಿ. ಮಗಳು ದುಬಾರಿ ಹೋಟೆಲಲ್ಲಿ ಕೂತಿರೋವಾಗ ಆ ಮುದುಕಿ ಸೀಮೆಎಣ್ಣೆ ದೀಪದ ವಠಾರದಲ್ಲಿ ಒಲೆ ಉರೀಲಿ ಅಂತ ವಾರವಿಡೀ ಬಟ್ಟೆ ಒಗೀತಾಳೆ. ಸೆಲೆಡೋನಿಯೊ ಫ್ಲೋರೆಸ್ ಬರೆದಿದ್ದು, ಬಡವರ ಬದುಕು ಚೆನ್ನಾಗಿ ಗೊತ್ತಿದ್ದ ಕವಿ. ಆದ್ರೂ ನೀವು ಹೇಳೋದ್ರಲ್ಲಿ ನಿಜ ಇದೆ, 'ನೀನೀಗ ನನ್ನ ಮಾರ್ಗರೀಟಾ ಅಲ್ಲ' ಅಂತಾನಲ್ಲ, ಅರ್ಧ ಸಿಟ್ಟು ಕೈತಪ್ಪಿ ಹೋದ ಹುಡುಗಿ ಮೇಲಿನದೇ.

ಉತ್ತರ 2:
ಎಲ್ಲಾ ಹಿಂಗಿಲ್ಲ. 1920ರ ದಶಕದ ಕೊನೇಲಿ ಪಕ್ಕದ ದೇಶ ಉರುಗ್ವೆಯ ಮಾಂಟೆವಿಡಿಯೊದ ಸೊಲಿನ್ಯೊ, ಫೊಂಟೈನಾ ಸೇರಿ ಬರೆದ ಎರಡು ಹಾಡು ಜೊತೇಲೇ ಕೇಳಿ, ಎರಡಕ್ಕೂ ಸಂಗೀತ ಕೊಲಾಸೊ ಅವ್ರದ್ದೇ. 'ನಿನ್ಯೊ ಬಿಯೆನ್' ಹುಡುಗ ಇಂಗ್ಲಿಷ್ ತಂಬಾಕು ಸೇದ್ತಾನೆ, ತಲೆಗೆ ಜಿಡ್ಡು ಮೆತ್ಕೊಂಡು ದೊಡ್ಡ ಮನೆತನದೋನು ಅಂತ ಹೇಳ್ಕೋತಾನೆ, ಹುಟ್ಟಿದ್ದು ಮಾತ್ರ ಸೀಮೆಎಣ್ಣೆ ದೀಪದ ಕೋಣೇಲಿ. ಅವನ್ನ ಒಂಚೂರೂ ಬಿಡಲ್ಲ. 'ಗರೂಫಾ'ದೋನು ವಾರವೆಲ್ಲ ದುಡಿದು ಶನಿವಾರ ರಾತ್ರಿ ಗಟ್ಟಿ ಕಾಲರ್ ಹಾಕ್ಕೊಂಡು ಊರ ನಡುವಿಗೆ ಬರ್ತಾನೆ, ಬೆಳಗಾಗೋವರೆಗೂ ಕುಣಿದು ಆ ದೊಡ್ಡ ಮೋಜನ್ನ ಮುಗಿಸೋದು ಒಂದು ಹಾಲು ಕಾಫಿ, ಒಂದು ಸಿಹಿ ಬನ್ನಲ್ಲಿ. ಜೇಬಲ್ಲಿ ಎಷ್ಟಿತ್ತು ಅಂತ ಅಲ್ಲೇ ಗೊತ್ತಾಗುತ್ತೆ ನೋಡಿ, ನಂಗೆ ತುಂಬಾ ಇಷ್ಟವಾದ ಜಾಗ ಅದು. ಇವನನ್ನ ಬರೀ ಅಕ್ಕರೆಯಿಂದ ಕಿಚಾಯಿಸ್ತಾರೆ, ಯಾಕಂದ್ರೆ ಇವನು ಆ ಹುಡುಗನ ಥರ ಹೆತ್ತವರನ್ನ ಮುಚ್ಚಿಟ್ಟಿಲ್ಲ.

ಉತ್ತರ 3:
1930ರ ದಶಕದ ಶುರುವಿನ 'ಅಕ್ವಾಫೋರ್ತೆ'ನೂ ಕೇಳಿ. ಅಲ್ಲಿ ಕ್ಯಾಬರೆ ಹುಡುಗಿಗೆ ಶಾಂಪೇನ್ ಕುಡಿಸೋ ಮುದಿ ಸಾಹುಕಾರ, ಅವತ್ತೇ ಒಂದು ತುತ್ತು ಜಾಸ್ತಿ ಕೇಳಿದ ಕೂಲಿಯೋನಿಗೆ ಸಂಬಳ ಏರ್ಸಲ್ಲ ಅಂದಿರ್ತಾನೆ. ಬೈಗುಳ ಸರಿಯಾದ ಕಡೆ ಬಿದ್ದಿದೆ.

ಪ್ರಶ್ನೆ ಕೇಳಿದವರು:
ಮೂರೂ ಕೇಳ್ದೆ, ಥ್ಯಾಂಕ್ಸ್. 'ಗರೂಫಾ' ಮನಸ್ಸಿಗೆ ಹತ್ರ ಆಯ್ತು. ಆದ್ರೆ 'ನಿನ್ಯೊ ಬಿಯೆನ್'ನಲ್ಲಿ ಆ ಹುಡುಗನಿಗೆ 'ಅಂಗಡಿ ಕೌಂಟರ್ ಹಿಂದೆ ನಿಲ್ಲೋಕೆ ಲಾಯಕ್ಕು' ಅಂತ ಚುಚ್ತಾರಲ್ಲ, ಅದನ್ನ ಒಪ್ಪಲ್ಲ. ಸುಳ್ಳು ಹೇಳಿದ್ದಕ್ಕೆ ಬೈಲಿ, ಅಂಗಡಿ ಕೆಲಸ ಯಾಕೆ ಬೈಗುಳ ಆಗ್ಬೇಕು?